ಲೈಂಗಿಕ ಆರೋಗ್ಯದ ಕರಪತ್ರವನ್ನು ಹಳ್ಳಿಯ ಹೆಂಗಸರಿಗೆ ಅರ್ಥವಾಗುವಂತೆ ಬರೆಯುವುದು ಹೇಗೆ?

ಹರಿಹರದ ಕಡೆ ಹಳ್ಳಿಗಳಲ್ಲಿ ಹಂಚಲು ಕರಪತ್ರ ಬರೆಯುತ್ತಿದ್ದೇನೆ, ಅರ್ಥವೂ ಆಗಬೇಕು, ಮುಜುಗರವೂ ಆಗಬಾರದು, ಏನು ಮಾಡಲಿ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಕೆಲವು ವರ್ಷ ನಾನು ಇದೇ ಕೆಲಸ ಮಾಡಿದ್ದೇನೆ. ಅಚ್ಚಿಗೆ ಕೊಡುವ ಮುಂಚೆ ಐದಾರು ಜನರ ಕೈಲಿ ಓದಿಸಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಇದನ್ನ ನಿಮ್ಮ ತಂಗಿಗೆ ಹೇಗೆ ಹೇಳ್ತೀರಿ?" ಅಂತ ಕೇಳಿ.

ನಮ್ಮ ಮೊದಲ ಕರಪತ್ರದಲ್ಲಿ ಕೂಡುವುದರಿಂದ ಅಂಟುವ ಸೋಂಕಿನ ಬಗ್ಗೆ "ಸಂಗಾತಿಗೂ ಚಿಕಿತ್ಸೆ ಕೊಡಿಸಿ" ಅಂತ ಬರೆದಿದ್ದೆವು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಅದನ್ನು ಸರಾಗವಾಗಿ ಓದಿದರು. ಓದಿ, "ಆಸ್ಪತ್ರೆಗೆ ಗೆಳತೀನ ಜೊತೆಗೆ ಕರ್ಕೊಂಡು ಹೋಗ್ಬೇಕಾ?" ಅಂದರು. "ಜೊತೆ ಮಲಗುವವರಿಗೂ" ಅಂತ ತಿದ್ದಿದೆವು. ಈಗ ಇನ್ನೊಬ್ಬರು ಗಾಬರಿಯಾದರು. ದಿನಾ ಅವರ ಪಕ್ಕ ಮಲಗುವುದು ಎಂಟು ವರ್ಷದ ಮಗಳು! ಮುಜುಗರ ಆಗದಿರಲಿ ಅಂತ ನಾವು ಮಾತು ಮುಚ್ಚಿದರೆ, ಆ ತಾಯಿ ರಾತ್ರಿಯಿಡೀ ನಿದ್ದೆಗೆಡಬೇಕಿತ್ತು. ಕೊನೆಗೆ ಉಳಿದ ಸಾಲು ಇದು: "ಗಂಡನಿಗೂ, ಬೇರೆ ಯಾರ ಜೊತೆಗಾದರೂ ಕೂಡಿದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ವಾಸಿಯಾದ ಮೇಲೂ ಮತ್ತೆ ಅಂಟುತ್ತದೆ." ಕೂಡುವುದು ಅನ್ನುವ ಮಾತಿಗೆ ಯಾರೂ ತಲೆ ತಗ್ಗಿಸಲಿಲ್ಲ.

"ಅಸಹಜ ಯೋನಿಸ್ರಾವ" ಅಂತ ಬರೆಯಬೇಡಿ. ಬಿಳಿ ಸೆರಗು ಅನ್ನಿ, ನಿಮ್ಮ ಊರಲ್ಲಿ ಬಿಳಿ ಮುಟ್ಟು ಅಂದರೆ ಹಾಗೇ ಅನ್ನಿ. ಆಶಾ ಕಾರ್ಯಕರ್ತೆಯ ಹತ್ತಿರ ಹೆಂಗಸರು ಏನಂತ ಹೇಳಿಕೊಳ್ಳುತ್ತಾರೋ ಅದೇ ಸರಿಯಾದ ಪದ. ಸ್ವಲ್ಪ ಬಿಳಿ ಹೋಗುವುದು ಕಾಯಿಲೆಯಲ್ಲ ಅಂತ ಮೊದಲೇ ಬರೆಯಿರಿ. ವಾಸನೆ ಬಂದರೆ, ಬಣ್ಣ ಬದಲಾದರೆ, ತುರಿಕೆ ಇದ್ದರೆ, ಕೆಳಹೊಟ್ಟೆ ನೋವಿದ್ದರೆ ತೋರಿಸಬೇಕು. ಏನೂ ಗೊತ್ತಾಗದೆಯೂ ಸೋಂಕು ಇರಬಹುದು, ಆ ಮಾತೂ ಇರಲಿ. ಕಾಂಡೋಮಿಗೆ ನಿರೋಧ್ ಅಂದರೆ ಸಾಕು. 1968ರಲ್ಲಿ ಸರ್ಕಾರ ತಂದ ಹೆಸರು, ಈಗ ಎಲ್ಲ ಕಾಂಡೋಮಿಗೂ ಜನ ಹಾಗೇ ಅನ್ನುತ್ತಾರೆ.

ಮುಖಪುಟದಲ್ಲಿ "ಗುಪ್ತರೋಗ" ಅಂತ ದೊಡ್ಡದಾಗಿ ಹಾಕಿದರೆ ಅದನ್ನು ಯಾರು ತಾನೇ ಮನೆಗೆ ಒಯ್ಯುತ್ತಾರೆ? ಅತ್ತೆ ನೋಡುತ್ತಾರೆ, ಮಕ್ಕಳು ನೋಡುತ್ತಾರೆ. ನಾವು "ಹೆಣ್ಣುಮಕ್ಕಳ ಆರೋಗ್ಯ" ಅಂತ ಹಾಕಿದೆವು, ಸುಮ್ನೆ ಬಿಸಾಡುವವರು ಕಡಿಮೆಯಾದರು.

ಅಕ್ಷರದ ಬಗ್ಗೆ ಒಂದು ಮಾತು. ಕಡಿಮೆ ಓದಿದವರಿಗೆ ಒತ್ತಕ್ಷರವೇ ಕಷ್ಟ. ಜೆರಾಕ್ಸ್ ಮಾಡಿಸಿದಾಗ ಮೊದಲು ಮಸಿಯಾಗುವುದೂ ಅದೇ. ಅಕ್ಷರ ದಪ್ಪಗಿರಲಿ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ತಾಂಡಾಗಳಿಗೂ ಹೋಗುವುದಾದರೆ ಅಲ್ಲಿಯವರ ಕೈಲೂ ಓದಿಸಿ. ಮನೆಯಲ್ಲಿ ಲಂಬಾಣಿ ಮಾತಾಡುವವರಿಗೆ ಪುಸ್ತಕದ ಕನ್ನಡ ಇನ್ನೂ ದೂರ ಅಲ್ವಾ.

ಕೊನೆಗೆ ಎಲ್ಲಿಗೆ ಹೋಗಬೇಕು ಅನ್ನುವುದು. "ತಜ್ಞ ವೈದ್ಯರನ್ನು ಸಂಪರ್ಕಿಸಿ" ಅಂದರೆ ದುಡ್ಡಿನ ಭಯ ಹುಟ್ಟುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್, ಗೇಟಿನಿಂದ ಯಾವ ಕಡೆ, ಎಷ್ಟು ಗಂಟೆಗೆ, ಹೆಂಗಸರು ಡಾಕ್ಟರ್ ಇದ್ದಾರಾ, ಎಲ್ಲ ನೀವೇ ಹೋಗಿ ನೋಡಿ ಬರೆಯಿರಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅದಕ್ಕೆ ನಿಮ್ಮ ಒಪ್ಪಿಗೆ ಬೇಕು, ವಿಷಯ ಗುಟ್ಟಾಗಿ ಇಡಬೇಕು. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೆ ದುಡ್ಡು ಬೀಳುವುದಿಲ್ಲ. ಈ ಭಾಗವನ್ನು ಕೆಳಗಡೆ ಬೇರೆಯಾಗಿ ಅಚ್ಚು ಹಾಕಿಸಿ, ಹರಿದು ಪರ್ಸಿನಲ್ಲಿ ಇಟ್ಟುಕೊಳ್ಳುವ ಹಾಗೆ.