ಮಾಡ್ ಸ್ಟೈಲ್ ನಮ್ಮ ಸೆಕೆಗೆ, ಮಳೆಗೆ ಆಗ್ತದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

60ರ ದಶಕದ ಲಂಡನ್ ಹುಡುಗರ ಮಾಡ್ (ಇಂಗ್ಲಿಷಿನ ‘ಮಾಡರ್ನ್’ನಿಂದ ಬಂದ ಹೆಸರು) ಸ್ಟೈಲನ್ನು ಈಗ ನಮ್ಮೂರಲ್ಲಿ ಹೇಗೆ ಹಾಕ್ಕೊಳ್ಳುದು ಅಂತ ಮಂಗಳೂರು, ಉಡುಪಿ ಕಡೆಯಿಂದ ಪತ್ರಗಳು ಬಂದಿವೆ. ಈ ಸಲದ ಜಾಗ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಕೊನೇ ವರ್ಷ. ಇನ್‌ಸ್ಟಾದಲ್ಲಿ ಮಾಡ್ ಹುಡುಗರ ಹಳೇ ಫೋಟೋ ನೋಡಿ ತುಂಬ ಇಷ್ಟ ಆಗಿದೆ. ಕೆಂಪು ಬಿಳಿ ನೀಲಿ ಟಾರ್ಗೆಟ್ ಚಿಹ್ನೆಯ ಟೀಶರ್ಟು, ಹಸಿರು ಪಾರ್ಕಾ (ಟೋಪಿ ಇರುವ ಉದ್ದ ಕೋಟು) ಎಲ್ಲ ಆನ್‌ಲೈನಲ್ಲಿ ನೋಡಿಟ್ಟಿದ್ದೇನೆ, ತಗೊಳ್ಳುದಾ? ಬಜೆಟ್ ಕಮ್ಮಿ. (ಕದ್ರಿ, ಮಂಗಳೂರು)

ಉತ್ತರ: ಈಗ ಬೇಡ ತಮ್ಮಾ. ಆ ಟಾರ್ಗೆಟ್ ಅಸಲಿಗೆ ಬ್ರಿಟಿಷ್ ವಾಯುಸೇನೆಯ ವಿಮಾನದ ಮೇಲಿನ ಗುರುತು, ಪಾಪ್ ಬ್ಯಾಂಡ್‌ನವರು ಹಾಕ್ಕೊಂಡು 60ರ ದಶಕದ ನಡುವಿಗೆ ಫೇಮಸ್ ಆದದ್ದು. ಮಾಡ್ ಶುರುವಾದದ್ದು ಅದಕ್ಕಿಂತ ಮೊದಲು, 50ರ ದಶಕದ ಕೊನೆಗೆ, ಲಂಡನಲ್ಲಿ ಮಾಡರ್ನ್ ಜಾಝ್ ಕೇಳ್ತಿದ್ದ ಹುಡುಗರು ಇಟಾಲಿಯನ್ ಕಟಿಂಗ್‌ನ ಸೂಟ್ ಹೊಲಿಸ್ಲಿಕ್ಕೆ ಶುರು ಮಾಡಿದಾಗ. ಹೆಚ್ಚಿನವರು ಶ್ರೀಮಂತರ ಮಕ್ಕಳಲ್ಲ, ಆಫೀಸಲ್ಲಿ ಸಣ್ಣ ಕ್ಲಾರ್ಕು, ಅಂಗಡಿಯಲ್ಲಿ ಸೇಲ್ಸು, ಅಂಥ ಕೆಲಸ ಮಾಡಿ ಸಂಬಳದ ದೊಡ್ಡ ಪಾಲು ಟೈಲರಿಗೆ ಕೊಟ್ಟವರು, ಕೋಟಿನ ವೆಂಟ್ (ಹಿಂದೆ ಕೆಳಗಿರುವ ಸೀಳು) ಎಷ್ಟುದ್ದ ಇರ್ಬೇಕು, ಪ್ಯಾಂಟಿನ ಬಾಟಮ್ ಅರ್ಧ ಇಂಚು ಇಳಿಸುದಾ ಬೇಡ್ವಾ ಅಂತ ತಲೆ ಕೆಡಿಸ್ಕೊಂಡವರು. ಅಲ್ಲಿ ಕಾರ್ನಬಿ ಸ್ಟ್ರೀಟಲ್ಲಿ ಜಾನ್ ಸ್ಟೀಫನ್ ಅಂತ ಗ್ಲಾಸ್ಗೋ ಕಡೆಯ ಹುಡುಗ ಒಂದರ ಹಿಂದೆ ಒಂದು ಅಂಗಡಿ ತೆರೆದು ಆ ಬೀದಿಗೇ ಹೆಸರು ತಂದ. ಅಂದ್ರೆ ಈ ಸ್ಟೈಲಿನ ಜೀವ ಇರುದು ಅಳತೆಯಲ್ಲಿ. ಚಿಹ್ನೆ ಹಾಕಿದ್ರೆ ಸ್ಕೂಲ್ ಡೇ ಡ್ರೆಸ್ ಥರ ಕಾಣ್ತದೆ, ಅಳತೆ ಸರಿ ಇದ್ರೆ ಬರೀ ಬಿಳಿ ಶರ್ಟಲ್ಲೂ ಮಾಡ್ ಕಾಣ್ತದೆ.

ನಿಮ್ಮ ಬಜೆಟ್ಟಿಗೆ ಮೊದಲು ಪ್ಯಾಂಟ್. ರೆಡಿಮೇಡ್ ಸ್ಕಿನ್ನಿ ಜೀನ್ಸ್ ಬೇಡ, ಅದು ಮಾಡ್ ಅಲ್ಲವೇ ಅಲ್ಲ. ಗ್ರೇ ಅಥವಾ ನೇವಿ ಬ್ಲೂ ಪ್ಯಾಂಟ್ ಪೀಸ್ ತಗೊಂಡು ಹೊಲಿಸಿ, ಮುಂದೆ ಪ್ಲೀಟ್ ಬೇಡ, ತೊಡೆಯಿಂದ ಕೆಳಗೆ ನೇರ ಇಳಿಯುತ್ತಾ ಸ್ವಲ್ಪ ಸಪೂರ ಆಗ್ಬೇಕು, ಬಾಟಮ್ ಸುಮಾರು 15 ಇಂಚು, ಉದ್ದ ಶೂಸಿಗೆ ಮುಟ್ಟಿ ನಿಲ್ಬೇಕು, ಶೂಸಿನ ಮೇಲೆ ಮಡಚಿ ಬೀಳ್ಬಾರ್ದು. ಆಮೇಲೆ ಬಟನ್ ಡೌನ್ ಕಾಲರಿನ ಒಂದು ಬಿಳಿ ಶರ್ಟು, ಅಂದ್ರೆ ಕಾಲರಿನ ಎರಡು ತುದಿಗೂ ಸಣ್ಣ ಬಟನ್ ಇರ್ತದಲ್ಲ, ಅದು. ಮೂರನೇದು ಪೋಲೋ ಟೀಶರ್ಟ್, ಕಾಲರಿನ ಅಂಚಿಗೆ ಎರಡು ಗೆರೆ ಇರುವಂಥದ್ದು. 1934ರಿಂದ 36ರವರೆಗೆ ಮೂರು ಸಲ ಸಾಲಾಗಿ ವಿಂಬಲ್ಡನ್ ಗೆದ್ದ ಫ್ರೆಡ್ ಪೆರಿ ಹೆಸರಲ್ಲಿ 1952ಕ್ಕೆ ಬಂದ ಟೆನಿಸ್ ಶರ್ಟನ್ನೇ ಮಾಡ್ ಹುಡುಗರು ರಾತ್ರಿ ಡಾನ್ಸ್ ಮಾಡ್ಲಿಕ್ಕೆ ಹಾಕ್ಕೊಂಡು ಹೋಗ್ತಿದ್ದದ್ದು, ಬೆವರು ಎಳಕೊಳ್ಳುವ ಪಿಕೆ ಕಾಟನ್ ಅಲ್ವಾ, ಹಾಗಾಗಿ ನಮ್ಮ ಏಪ್ರಿಲ್ ಸೆಕೆಗೂ ಅದು ಲಾಯ್ಕ. ಬ್ರ್ಯಾಂಡೇ ಆಗ್ಬೇಕು ಅಂತ ಇಲ್ಲ, ತಿರುಪ್ಪೂರಲ್ಲಿ ಹೊಲಿದದ್ದು ಒಳ್ಳೇದು ಸಿಗ್ತದೆ, ಭುಜದ ಹೊಲಿಗೆ ಭುಜದ ತುದಿಯಲ್ಲೇ ಕೂತ್ಕೊಳ್ತದಾ ಅಂತ ಮಾತ್ರ ನೋಡಿ. ಮತ್ತೆ ಮೇಲಿನ ಬಟನ್‌ವರೆಗೂ ಹಾಕಿ. ಈ ಮೂರರಲ್ಲೇ ಒಂದು ವರ್ಷ ಆರಾಮಲ್ಲಿ ಕಳೀಬಹುದು.

ಪ್ರಶ್ನೆ: ನಮ್ಮ ಕಸಿನ್ ಮದುವೆ ಜನವರಿಯಲ್ಲಿ, ಚರ್ಚಲ್ಲಿ ನಪ್ಶಿಯಲ್ಸ್, ಆಮೇಲೆ ಹಾಲಲ್ಲಿ ರಿಸೆಪ್ಷನ್. ಈ ಸಲ ಎಲ್ಲರ ಥರ ಹೊಳೆಯುವ ರೆಡಿಮೇಡ್ ಸೂಟ್ ಬೇಡ, ಮಾಡ್ ಸೂಟೇ ಹೊಲಿಸ್ಬೇಕು ಅಂತ ಉಂಟು. ಟೈಲರಿಗೆ ಹೇಗೆ ಹೇಳುದು? ಹೇಳಿದ್ರೆ ಅದೆಲ್ಲ ಹಳೇ ಫ್ಯಾಷನ್ ಅಂತಾರೆ. (ಕುಲಶೇಖರ, ಮಂಗಳೂರು)

ಉತ್ತರ: ಈ ಪ್ರಶ್ನೆ ಓದಿ ತುಂಬ ಖುಷಿ ಆಯ್ತು, ಯಾಕಂದ್ರೆ ಸೂಟ್ ಹೊಲಿಸ್ಲಿಕ್ಕೆ ಮಂಗಳೂರಿಗಿಂತ ಒಳ್ಳೆ ಊರು ನಮ್ಮ ಕಡೆ ಯಾವುದುಂಟು ಹೇಳಿ. ತಲೆತಲಾಂತರದಿಂದ ಇಲ್ಲಿ ಕ್ರಿಶ್ಚಿಯನ್ ಮದುವೆಗೆ ಮದುಮಗ, ಬೆಸ್ಟ್ ಮ್ಯಾನ್, ಮಾವ, ಚಿಕ್ಕಪ್ಪ ಎಲ್ಲರಿಗೂ ಸೂಟ್ ಬೇಕು, ಆ ಸೂಟ್‌ಗಳನ್ನು ಕತ್ತರಿಸಿ ಕತ್ತರಿಸಿ ಕೈ ಪಳಗಿದ ಹಿರಿಯ ಟೈಲರ್‌ಗಳು ಹಂಪನಕಟ್ಟೆ, ಫಳ್ನೀರು, ಕಂಕನಾಡಿ ಕಡೆ ಈಗಲೂ ಸಿಗ್ತಾರೆ. ಅವರಲ್ಲಿ ವಯಸ್ಸಾದವರು 60-70ರ ದಶಕದ ಕಟಿಂಗನ್ನು ಕಣ್ಣಾರೆ ನೋಡಿದವರು, ಹಳೇ ಫ್ಯಾಷನ್ ಅಂತ ಅವರು ಹೇಳಿದ್ರೆ ಅದನ್ನು ಮಾಡ್ಲಿಕ್ಕೆ ಅವರಿಗೆ ಗೊತ್ತುಂಟು ಅಂತ ಅರ್ಥ, ಬಿಡ್ಬೇಡಿ ಅವರನ್ನು.

ಬರೀ ಮಾಡ್ ಸೂಟ್ ಅಂತ ಹೇಳಿದ್ರೆ ಸಾಲದು, ಅಳತೆ ಹೇಳಿ. ಮೂರು ಬಟನ್, ಸಿಂಗಲ್ ಬ್ರೆಸ್ಟ್. ಲ್ಯಾಪೆಲ್, ಅಂದ್ರೆ ಎದೆಯ ಮೇಲೆ ಹೊರಗೆ ಮಡಚಿದ ಪಟ್ಟಿ, ಎರಡೂವರೆ ಇಂಚಿಗಿಂತ ಅಗಲ ಬೇಡ. ಶೋಲ್ಡರ್ ಪ್ಯಾಡ್ ತೀರಾ ತೆಳು, ಭುಜ ನಿಮ್ಮದೇ ಕಾಣ್ಬೇಕು. ಹಿಂದೆ ನಡುವಲ್ಲಿ ಒಂದು ವೆಂಟ್ ಅಲ್ಲ, ಎರಡು ಸೈಡಿಗೂ ವೆಂಟ್. ಕೋಟಿನ ಉದ್ದ ಸೀಟ್ ಮುಚ್ಚುವಷ್ಟು ಇರ್ಲೇಬೇಕು, ಈಗಿನ ರೆಡಿಮೇಡ್ ಕೋಟುಗಳು ಸೊಂಟದ ಹತ್ರವೇ ನಿಲ್ತವೆ, ಅದನ್ನು ನೋಡಿ ಟೈಲರ್ ಕೂಡ ಗಿಡ್ಡ ಮಾಡಿಬಿಡ್ತಾರೆ, ಅಲ್ಲಿ ಜಾಗ್ರತೆ. ಶರ್ಟಿನ ಕಫ್ ಕೋಟಿನ ಕೈಯಿಂದ ಅರ್ಧ ಇಂಚು ಹೊರಗೆ. ಟೈ ಸಪೂರದ್ದು, ಎರಡು ಇಂಚಿನ ಆಸುಪಾಸು, ಲ್ಯಾಪೆಲ್ಲಿನ ಅಗಲಕ್ಕೆ ಹೊಂದಬೇಕು. ಕೆಳಗಿನ ಬಟನ್ ಯಾವತ್ತೂ ಹಾಕ್ಬೇಡಿ.

ಬಟ್ಟೆಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳ್ತೇನೆ, ಯಾಕಂದ್ರೆ ನಮ್ಮಲ್ಲಿ ಕೆಡುದು ಅಲ್ಲಿಯೇ. ಮಾಡ್ ಹುಡುಗರ ಮೆಚ್ಚಿನ ಬಟ್ಟೆ ಟಾನಿಕ್, ಅಂದ್ರೆ ಉಣ್ಣೆಗೆ ಮೊಹೇರ್ ಸೇರಿಸಿ, ಹಾಸಿಗೆ ಒಂದು ಬಣ್ಣ ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದದ್ದು, ನಮ್ಮ ಡಬಲ್ ಶೇಡ್ ರೇಷ್ಮೆ ಸೀರೆಯ ಹಾಗೆ ತಿರುಗಿದಾಗ ಬಣ್ಣ ಬದಲಾಗ್ತದೆ. ಮೊಹೇರ್ ಅಂಗೋರಾ ಆಡಿನ ಕೂದಲು, ಗರಿಗರಿ ಇರ್ತದೆ, ಸುಕ್ಕು ಬೇಗ ಬಿಟ್ಕೊಳ್ತದೆ, ಗಾಳಿಯೂ ಆಡ್ತದೆ. ಅದು ಸಿಕ್ಕದಿದ್ರೆ ಅಥವಾ ರೇಟ್ ಜಾಸ್ತಿ ಆದ್ರೆ ಟ್ರಾಪಿಕಲ್ ವೂಲ್ ಕೇಳಿ, ಒಂದು ಮೀಟರ್ ಉದ್ದದ ಸೂಟ್ ಬಟ್ಟೆಗೆ 240-260 ಗ್ರಾಂ ತೂಕದ್ದು ನಮ್ಮೂರಿಗೆ ಸರಿ. ಉಣ್ಣೆ ಅಂದ ಕೂಡಲೇ ಸೆಕೆ ಅಂತ ಹೆದರ್ತಾರೆ, ಆದ್ರೆ ತೆಳು ಉಣ್ಣೆಯ ಸೂಟಿಗಿಂತ ಪಾಲಿಯೆಸ್ಟರ್ ಸೂಟಲ್ಲಿ ಎಷ್ಟೋ ಹೆಚ್ಚು ಬೆವರು ಬರ್ತದೆ, ಕಾರಣ ಪಾಲಿಯೆಸ್ಟರ್ ಬೆವರನ್ನು ಹೀರುದಿಲ್ಲ. ಒಳಗೆ ಹಾಫ್ ಲೈನಿಂಗ್ ಸಾಕು, ಬೆನ್ನಿನ ಕೆಳಗಿನ ಭಾಗ ಖಾಲಿ ಬಿಡ್ಲಿಕ್ಕೆ ಹೇಳಿ. ಬಣ್ಣ ನೇವಿ ಅಥವಾ ಚಾರ್ಕೋಲ್ ಗ್ರೇ, ಮೊದಲ ಸೂಟಿಗೆ ಅದೇ.

ಟೈಮಿಂಗ್ ಕೂಡ ಮುಖ್ಯ. ಡಿಸೆಂಬರಲ್ಲಿ ಹೋದ್ರೆ ಕ್ರಿಸ್ಮಸ್, ಮದುವೆ ಅಂತ ಟೈಲರಿಗೆ ಉಸಿರಾಡ್ಲಿಕ್ಕೆ ಪುರುಸೊತ್ತಿರುದಿಲ್ಲ. ಆಟಿ ತಿಂಗಳಲ್ಲಿ, ಜುಲೈ ನಡುವಿಂದ ಆಗಸ್ಟ್ ನಡುವಿನವರೆಗೆ, ತುಳುನಾಡಲ್ಲಿ ಶುಭ ಕಾರ್ಯ ಕಮ್ಮಿ, ಅಂಗಡಿಯಲ್ಲಿ ಕೆಲಸವೂ ಕಮ್ಮಿ, ಆಗ ಹೋಗಿ ಕೂತು ಮಾತಾಡಿ. ಮುಂದಿಂದ, ಸೈಡಿಂದ, ಹಿಂದಿಂದ ಕಾಣುವ ಮೂರು ಫೋಟೋ ಪ್ರಿಂಟ್ ಹಾಕಿಸ್ಕೊಂಡು ಹೋಗಿ. ಟ್ರಯಲ್ ಎರಡು ಸಲ ಕೇಳಿ, ಒಳಗೆ ಮಾರ್ಜಿನ್ ಬಿಡ್ಲಿಕ್ಕೆ ಹೇಳಿ. ಮಜೂರಿಯಲ್ಲಿ ಚೌಕಾಸಿ ಮಾಡ್ಬೇಡಿ ದಯವಿಟ್ಟು, ಒಂದು ಕೋಟಿನ ಹಿಂದೆ ಎಷ್ಟು ಗಂಟೆಯ ಕೈ ಕೆಲಸ ಉಂಟು ಅಂತ ಗೊತ್ತಾದ್ರೆ ಯಾರಿಗೂ ಬಾಯಿ ಬರ್ಲಿಕ್ಕಿಲ್ಲ.

ಪ್ರಶ್ನೆ: ವಯಸ್ಸು 48, ಹೊಟ್ಟೆ ಉಂಟು. ನಮಗೆಲ್ಲ ಆಗ್ತದಾ ಇದು? (ಮಣಿಪಾಲ)

ಉತ್ತರ: ಖಂಡಿತ ಆಗ್ತದೆ ಸರ್. 20 ವರ್ಷದ ಸಪೂರ ಹುಡುಗನ ಅಳತೆ ಮಾತ್ರ ತಗೊಳ್ಬೇಡಿ. ಬಾಟಮ್ 16, ಬೇಕಾದ್ರೆ 16 ಮುಕ್ಕಾಲು ಇಡಿ, ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸದೆ ಹೊಕ್ಕುಳಿನ ಹತ್ರ ಕಟ್ಟಿ, ಬೆಲ್ಟ್ ಬಿಟ್ಟು ಸೈಡ್ ಅಡ್ಜಸ್ಟರ್ (ಸೊಂಟದ ಎರಡು ಬದಿಗೆ ಬಿಗಿ ಮಾಡುವ ಸಣ್ಣ ಪಟ್ಟಿ) ಹಾಕಿಸಿ. ಟೈಟ್ ಪೋಲೋ ಬೇಡ, ಅದರ ಬದಲು ಅರ್ಧ ತೋಳಿನ ಮದ್ರಾಸ್ ಚೆಕ್ಸ್ ಶರ್ಟು, ಬಟನ್ ಡೌನ್ ಕಾಲರ್ ಹಾಕಿಸಿ. ನಮ್ಮ ದಕ್ಷಿಣದ ಮಗ್ಗದ ಈ ಬಟ್ಟೆ ಅಮೆರಿಕದ ಕಾಲೇಜು ಹುಡುಗರಿಗೆ ಇಷ್ಟ ಆಗಿ, ಅವರನ್ನು ನೋಡಿ ಇಂಗ್ಲೆಂಡಿನ ಮಾಡ್‌ಗಳೂ ಹಾಕಿದ್ರು, ಈಗ ನಾವು ಅದನ್ನು ಫಾರಿನ್ ಸ್ಟೈಲ್ ಅಂತ ಅಂದ್ಕೊಳ್ತೇವೆ. ಕರಾವಳಿಗೆ ಇದಕ್ಕಿಂತ ಒಳ್ಳೆ ಶರ್ಟ್ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಅಪ್ಪನ ಹಳೇ ಬಜಾಜ್ ಚೇತಕ್ ರಿಪೇರಿ ಮಾಡಿಸಿ ಓಡಿಸ್ತಿದ್ದೇನೆ. ಇದು ಮಾಡ್ ಸ್ಕೂಟರ್ ಅಂತ ಲೆಕ್ಕಕ್ಕೆ ಬರ್ತದಾ? ಪಾರ್ಕಾ ಮತ್ತೆ ಡೆಸರ್ಟ್ ಬೂಟ್ಸ್ ತಗೊಳ್ಳುವ ಅಂತ. (ಉಡುಪಿ)

ಉತ್ತರ: ಬರ್ತದೆ, ಹೆಮ್ಮೆಯಿಂದ ಓಡಿಸಿ. 1972ರಲ್ಲಿ ಬಂದ ಚೇತಕ್ಕಿನ ಮೂಲ ಇಟಲಿಯ ವೆಸ್ಪಾ ಸ್ಪ್ರಿಂಟ್. ಮಾಡ್‌ಗಳ ಇನ್ನೊಂದು ಪ್ರೀತಿಯ ಗಾಡಿ ಲ್ಯಾಂಬ್ರೆಟ್ಟಾ ಕೂಡ ನಮ್ಮಲ್ಲಿ ತಯಾರಾಗ್ತಿತ್ತು, ಲಖ್ನೋದ ವಿಜಯ್ ಸೂಪರ್ ಅದೇ ಮನೆತನದ್ದು. ಅವರಿಗೆ ಸ್ಕೂಟರ್ ಯಾಕೆ ಇಷ್ಟ ಅಂದ್ರೆ, ಇಂಜಿನ್ ಮುಚ್ಚಿರ್ತದೆ, ಮುಂದೆ ಕಾಲಿಗೆ ಅಡ್ಡ ತಗಡು ಇರ್ತದೆ, ಸೂಟಿಗೆ ಆಯಿಲ್ ಹಾರುದಿಲ್ಲ. 1964ರಲ್ಲಿ ಬ್ರೈಟನ್ ಬೀಚಲ್ಲಿ ಮಾಡ್‌ಗಳಿಗೂ ಬೈಕಿನ ರಾಕರ್ ಹುಡುಗರಿಗೂ ಹೊಡೆದಾಟ ಆಗಿ ಪೇಪರಲ್ಲೆಲ್ಲ ಬಂತು, ಜನರಿಗೆ ನೆನಪಿರುದು ಅದು ಮಾತ್ರ, ಬೇಜಾರಿನ ವಿಷಯ.

ಪಾರ್ಕಾ ಹಾಕ್ತಿದ್ದದ್ದೂ ಅದೇ ಕಾರಣಕ್ಕೆ, ಒಳಗಿನ ಸೂಟ್ ಕಾಪಾಡ್ಲಿಕ್ಕೆ. ಅದು ಕೊರಿಯಾ ಯುದ್ಧದ ಕಾಲದ ಅಮೆರಿಕನ್ ಸೈನ್ಯದ ಎಂ-51 ಕೋಟು, ಹಿಂದಿನ ಸೀಳಿದ ಬಾಲವನ್ನು ಚಳಿಗೆ ತೊಡೆಗೆ ಕಟ್ಟಿಕೊಳ್ಲಿಕ್ಕೆ ಆಗ್ತದೆ. ಉಡುಪಿಯಲ್ಲಿ ಚಳಿ ಎಲ್ಲಿಂದ ಬರ್ಬೇಕು, ಇಲ್ಲಿ ಸೂಟ್ ಕಾಪಾಡ್ಬೇಕಾದ್ದು ಮಳೆಯಿಂದ. ಹಾಗಾಗಿ ಆಲಿವ್ ಅಥವಾ ಖಾಕಿ ಬಣ್ಣದ, ತೊಡೆ ಅರ್ಧ ಮುಚ್ಚುವ, ಟೋಪಿ ಇರುವ ಸಾದಾ ರೈನ್‌ಕೋಟ್ ತಗೊಳ್ಳಿ, ಮೇಲೆ ರಿಫ್ಲೆಕ್ಟರ್ ಪಟ್ಟಿ ಇದ್ರೆ ರಾತ್ರಿ ಹೈವೇಯಲ್ಲಿ ಒಳ್ಳೇದೇ. ಅದೇ ನಿಮ್ಮ ಪಾರ್ಕಾ.

ಡೆಸರ್ಟ್ ಬೂಟ್ಸ್ ತಗೊಳ್ಳಿ, ಆದ್ರೆ ಅಕ್ಟೋಬರ್ ಆದ್ಮೇಲೆ. ಬರ್ಮಾದಲ್ಲಿ ಸೈನ್ಯದಲ್ಲಿದ್ದ ನೇಥನ್ ಕ್ಲಾರ್ಕ್, ಅಧಿಕಾರಿಗಳು ಕೈರೋ ಬಜಾರಲ್ಲಿ ಮಾಡಿಸ್ಕೊಂಡು ಬಂದ ಬೂಟ್ಸ್ ನೋಡಿ ಇದನ್ನು ಮಾಡಿದ್ದು, ಮಾರ್ಕೆಟಿಗೆ ಬಂದದ್ದು 1950ರಲ್ಲಿ. ಹೆಸರೇ ಹೇಳ್ತದಲ್ಲ ಮರುಭೂಮಿಗೆ ಅಂತ. ಇದರ ಸ್ವೇಡ್, ಅಂದ್ರೆ ಮೇಲೆ ನವಿರು ಜುಂಗಿರುವ ಚರ್ಮ, ನಮ್ಮ ಕೆಂಪು ಮಣ್ಣಿನ ಕೆಸರಿಗೆ ಒಂದು ಸಲ ಇಳಿದ್ರೆ ಆ ಕಲೆ ಹೋಗ್ಲಿಕ್ಕೆ ಕಷ್ಟ, ಕ್ರೇಪ್ ಸೋಲ್ ಒದ್ದೆ ಟೈಲ್ಸ್ ಮೇಲೆ ಜಾರ್ತದೆ. ಜೂನಿಂದ ಸೆಪ್ಟೆಂಬರ್‌ವರೆಗೆ ರಬ್ಬರ್ ಸೋಲಿನ ಕಪ್ಪು ಲೋಫರ್ ಸಾಕು, ಜೋರು ಮಳೆ ಇದ್ರೆ ಚಪ್ಪಲಿಯಲ್ಲಿ ಹೋಗಿ ಆಫೀಸಲ್ಲಿ ಶೂಸ್ ಬದಲಿಸಿ.

ಪ್ರಶ್ನೆ: ನನ್ನ ಮಗ ಹೊಸ ಪ್ಯಾಂಟನ್ನು ಗಿಡ್ಡ ಹೊಲಿಸಿ ತಂದಿದ್ದಾನೆ, ಕೇಳಿದ್ರೆ ಮಾಡ್ ಅಂತೆ. ದೇವಸ್ಥಾನಕ್ಕೂ ಅದೇ ಹಾಕ್ಕೊಂಡು ಬರ್ತಾನೆ. ನೆಂಟರೆಲ್ಲ ನೋಡ್ತಾರೆ. (ಉಡುಪಿಯ ಒಬ್ಬ ಅಮ್ಮ)

ಉತ್ತರ: ಅಮ್ಮಾ, ಪಾದದ ಗಂಟು ಕಾಣದಿದ್ರೆ ಅವನು ಹೇಳುದು ಸರಿ, ಪ್ಯಾಂಟ್ ಶೂಸಿಗೆ ಮುಟ್ಟಿಯೂ ಮುಟ್ಟದ ಹಾಗೆ ನಿಲ್ಬೇಕು. ಗಂಟಿನಿಂದ ಎರಡು ಮೂರು ಇಂಚು ಮೇಲೆ ಹೋಗಿದ್ರೆ ಟೈಲರ್ ಹತ್ರ ಮಾರ್ಜಿನ್ ಬಿಚ್ಚಿ ಇಳಿಸ್ಲಿಕ್ಕೆ ಹೇಳಿ. ಮಠಕ್ಕೆ, ದೇವಸ್ಥಾನಕ್ಕೆ ಪಂಚೆ ಉಡ್ಲಿ, ಅದಕ್ಕೆ ಅವನ ಬಟನ್ ಡೌನ್ ಬಿಳಿ ಶರ್ಟ್ ಚಂದ ಹೊಂದ್ತದೆ. ಒಂದು ಮಾತು, ಬಟ್ಟೆಗೆ ಅವನೇ ಇಸ್ತ್ರಿ ಹಾಕ್ತಾನಾ? ಹಾಕುದಾದ್ರೆ ದಯವಿಟ್ಟು ಬಯ್ಬೇಡಿ, ಈ ವಯಸ್ಸಲ್ಲಿ ಅಷ್ಟು ಶಿಸ್ತು ಬಂದದ್ದು ದೊಡ್ಡ ವಿಷಯ.

ಪ್ರಶ್ನೆ: ಮಳೆಗಾಲದಲ್ಲಿ ಸೂಟಿಗೆ, ಶೂಸಿಗೆ ಬೂಷ್ಟು ಹಿಡೀತದೆ. ಏನು ಮಾಡುದು? (ಸುರತ್ಕಲ್)

ಉತ್ತರ: ಡ್ರೈಕ್ಲೀನಿಂಗ್‌ನವರು ಕೊಟ್ಟ ಪ್ಲಾಸ್ಟಿಕ್ ಕವರ್ ಮನೆಗೆ ಬಂದ ಕೂಡಲೇ ತೆಗೀರಿ, ತೇವ ಒಳಗೆ ಸಿಕ್ಕಿ ಬೂಷ್ಟು ಬರುದು ಅದರಿಂದಲೇ. ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ ಹಳೇ ಕಾಟನ್ ಪಂಚೆ ಮುಚ್ಚಿ. ಕಪಾಟು ಗೋಡೆಗೆ ತಾಗಿ ಇರುದು ಬೇಡ, ನಾಲ್ಕು ಇಂಚು ಮುಂದೆ ಎಳೀರಿ. ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ, ಸೂಟನ್ನು ನೇರ ಬಿಸಿಲಿಗೆ ಹಾಕದೆ ಜಗಲಿಯ ನೆರಳಲ್ಲಿ ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಶೂಸ್ ಒಳಗೆ ಪೇಪರ್ ತುರುಕಿ, ಪೇಪರ್ ಮೆತ್ತಗಾದ ಹಾಗೆ ಬದಲಿಸಿ. ಬೂಷ್ಟು ಬಂದೇ ಬಿಟ್ರೆ ಅಂಗಳದಲ್ಲಿ ಒಣ ಬ್ರಷ್ಷಲ್ಲಿ ಉಜ್ಜಿ ತೆಗೀರಿ, ಕೋಣೆಯೊಳಗೆ ಕೊಡವಿದ್ರೆ ಪಕ್ಕದ ಬಟ್ಟೆಗೂ ಹರಡ್ತದೆ.