ಆಗುಂಬೆಯಲ್ಲಿ ಯಾರ ಮಾಲ್ಗುಡಿ ತೋರಿಸುವುದು?

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಆಗುಂಬೆಗೆ ಬರುವವರಿಗೆ 'ಮಾಲ್ಗುಡಿ ಡೇಸ್' ಟಿ.ವಿ. ಧಾರಾವಾಹಿಯ ಚಿತ್ರೀಕರಣವಾದ ಜಾಗಗಳನ್ನು ತೋರಿಸುತ್ತೇನೆ. ಉತ್ತರದ ಕಡೆಯವರು ಜಗಲಿ ಕಂಡರೆ ಕಣ್ಣು ಒರೆಸಿಕೊಳ್ಳುತ್ತಾರೆ. ನಮ್ಮವರು ಹತ್ತು ನಿಮಿಷಕ್ಕೆ ಸೂರ್ಯಾಸ್ತ ನೋಡಲು ಹೊರಡುತ್ತಾರೆ. ಹೊರದೇಶದವರು ಪುಸ್ತಕದಲ್ಲಿ ಹೀಗಿಲ್ಲವಲ್ಲ ಅನ್ನುತ್ತಾರೆ. ಎಲ್ಲರಿಗೂ ಒಂದೇ ಥರ ತೋರಿಸಿದರೆ ತಪ್ಪೇ?"

ಸಂಪಾದಕರ ಉತ್ತರ:

ತಪ್ಪಲ್ಲ, ಆದರೆ ಮೂವರಲ್ಲಿ ಇಬ್ಬರು ಬೇಸರದಿಂದ ವಾಪಸಾಗುತ್ತಾರೆ. ಬಂದವರ ಊರು ಕೇಳುವ ಬದಲು "ನೀವು ಇದನ್ನು ಯಾವ ಭಾಷೆಯಲ್ಲಿ, ಎಷ್ಟನೇ ವಯಸ್ಸಿನಲ್ಲಿ ನೋಡಿದಿರಿ?" ಎಂದು ಕೇಳಿ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹಿಂದಿ ಸೀಮೆಯವರು 1980ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ, ಹಿಂದಿಯಲ್ಲಿ, ಹೆಚ್ಚಿನವರು ಚಿಕ್ಕವರಿದ್ದಾಗ ನೋಡಿದವರು. ಅವರಿಗೆ ಕತೆಯ ಹುಡುಗ ಸ್ವಾಮಿ ಬೇಕು, ಅವನಜ್ಜಿ ಬೇಕು. ನಿರ್ದೇಶಕ ಯಾರೆಂದು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಕನ್ನಡದವರು ಬರುವುದು ಅದೇ ನಿರ್ದೇಶಕ ಶಂಕರ್ ನಾಗ್, ಅಂದರೆ ಅವರ ಶಂಕರಣ್ಣನಿಗಾಗಿ. 1990ರಲ್ಲಿ ತೀರಿಕೊಂಡವರ ಚಿತ್ರ ಇವತ್ತಿಗೂ ಆಟೊಗಳ ಬೆನ್ನ ಮೇಲಿದೆ. ಇವರಿಗೆ ಕತೆ ಹೇಳಿ ಪ್ರಯೋಜನವಿಲ್ಲ. ಊರಿನ ಹಿರಿಯರನ್ನು ವಿಚಾರಿಸಿಟ್ಟುಕೊಂಡು, ಯಾವ ಅಂಗಳದಲ್ಲಿ ಯಾವ ದೃಶ್ಯ ತೆಗೆದರು, ಊರವರಲ್ಲಿ ಯಾರ್‍ಯಾರು ಮುಖ ತೋರಿಸಿದರು ಎಂದು ಹೇಳಿ. ಸೂರ್ಯಾಸ್ತ ತಾನಾಗಿ ಮರೆತುಹೋಗುತ್ತದೆ.

ಮೂಲ ಕತೆಗಳನ್ನು ಬರೆದ ಆರ್. ಕೆ. ನಾರಾಯಣ್ ಅವರನ್ನು ಇಂಗ್ಲಿಷಿನಲ್ಲಿ ಓದಿ ಬಂದವರ ಪಾಡೇ ಬೇರೆ. ಅವರ ಮಾಲ್ಗುಡಿಯಲ್ಲಿ ಸರಯೂ ನದಿ ಹರಿಯುತ್ತದೆ, ಬಿಸಿಲು ಸುಡುತ್ತದೆ. ಅಡಿಕೆ ತೋಟದ ಪಕ್ಕ ನಿಲ್ಲಿಸಿ "ಇದೇ ಮಾಲ್ಗುಡಿ" ಎಂದರೆ ಅವರು ಒಪ್ಪುವುದಾದರೂ ಹೇಗೆ? ಎಲ್ಲೂ ಇಲ್ಲದ ಊರಿಗೆ ಶಂಕರ್ ನಾಗ್ ಮಲೆನಾಡಿನ ಹೆಂಚಿನ ಮನೆ ಕೊಟ್ಟರು ಎಂದು ಶುರು ಮಾಡಿ; ತಕರಾರು ಪ್ರಶ್ನೆಯಾಗುತ್ತದೆ.

ಇದು ಆಗುಂಬೆಯೊಂದರ ಕತೆಯಲ್ಲ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ 1965ರ 'ದಿ ಸೌಂಡ್ ಆಫ್ ಮ್ಯೂಸಿಕ್' ಹುಡುಕಿಕೊಂಡು ಅಮೆರಿಕದವರು, ಏಷ್ಯಾದವರು ಬಸ್ಸುಗಟ್ಟಲೆ ಬರುತ್ತಾರೆ. ಅಲ್ಲಿನವರಲ್ಲಿ ಎಷ್ಟೋ ಮಂದಿ ಆ ಚಿತ್ರ ನೋಡಿಯೇ ಇಲ್ಲ. ಆ ಚಿತ್ರ ಯಾವ ಕುಟುಂಬದ ಕತೆಯೋ ಅದೇ ಕುಟುಂಬದ ಮೇಲೆ ಜರ್ಮನ್ ಭಾಷೆಯಲ್ಲಿ 1956ರಲ್ಲೇ ಒಂದು ಚಿತ್ರ ಬಂದಿತ್ತು. ಇನ್ನು ಜಪಾನಿನ ಅನಿಮೆ (ಕಾರ್ಟೂನ್ ಚಿತ್ರ) ಅಭಿಮಾನಿಗಳು ತೆರೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಅದೇ ಕೋನಕ್ಕೆ ಹೊಂದಿಸಿ ಫೋಟೊ ತೆಗೆಯುತ್ತಾರೆ. ಅವರದನ್ನು ಕ್ಷೇತ್ರಯಾತ್ರೆ ಎಂದೇ ಕರೆಯುತ್ತಾರೆ. ಕಾಮಕುರಾ ಬಳಿ ಅಂಥದೇ ಒಂದು ರೈಲ್ವೆ ಗೇಟಿದೆ. ಫೋಟೊಗಾಗಿ ಪ್ರವಾಸಿಗರು ನಡುರಸ್ತೆಗೇ ಇಳಿಯುವುದರಿಂದ ಅಲ್ಲಿನವರಿಗೆ ಓಡಾಡುವುದೇ ಕಷ್ಟವಾಗಿದೆ.

ಆ ಚಾಳಿ ಈಗ ನಮ್ಮ ಹುಡುಗರಿಗೂ ಹತ್ತಿದೆ, ಆದ್ದರಿಂದ ಒಂದಿಷ್ಟು ವಿವರ. ಹಳೆಯ ಟಿ.ವಿ. ಚಿತ್ರದ ಅಳತೆ 4:3. ಮೊಬೈಲಿನ ಫೋಟೊವನ್ನೂ ಅದಕ್ಕೇ ಇಟ್ಟುಕೊಳ್ಳಲಿ. ಮೊದಲು ಜೂಮ್ ಮುಟ್ಟಬಾರದು. ಜಗಲಿಯ ಮುಂಡಿಗೆ (ಮರದ ಕಂಬ) ಹಿಂದಿನ ಬಾಗಿಲನ್ನು ಎಷ್ಟು ಮರೆಮಾಡಿದೆ ಎಂದು ತೆರೆಯ ಚಿತ್ರದಲ್ಲಿ ನೋಡಿ, ಅಷ್ಟೇ ಮರೆಯಾಗುವವರೆಗೆ ಎಡಕ್ಕೆ ಬಲಕ್ಕೆ ಸರಿಯಬೇಕು. ಬಾಗಿಲು ಮುಂಡಿಗೆಯ ಲೆಕ್ಕದಲ್ಲಿ ತೀರಾ ಚಿಕ್ಕದಾಗಿ ಕಂಡರೆ ಹತ್ತಿರ ಬಂದುಬಿಟ್ಟಿದ್ದೀರಿ ಎಂದರ್ಥ, ಹಿಂದೆ ಸರಿಯಬೇಕು. ಈ ಮರೆ, ಈ ಅಳತೆ ನಿಂತ ಜಾಗದಿಂದ ಮಾತ್ರ ಬದಲಾಗುತ್ತದೆ, ಜೂಮಿನಿಂದಲ್ಲ. ಜಾಗ ಸಿಕ್ಕ ಮೇಲೆ ಉಳಿದದ್ದನ್ನು ಜೂಮ್ ನೋಡಿಕೊಳ್ಳುತ್ತದೆ. ಎತ್ತರವನ್ನು ಮರೆಯುವವರೇ ಹೆಚ್ಚು: ಹುಡುಗನ ಕಣ್ಣಿನ ಮಟ್ಟದಲ್ಲಿ ತೆಗೆದ ದೃಶ್ಯಕ್ಕೆ ಮೊಣಕಾಲೂರಿ ಕೂರದೆ ಸೂರಿನ ಗೆರೆ ಹೊಂದುವುದಿಲ್ಲ.

ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿದ್ದ ಅರಸಾಳಿನಲ್ಲಿ ಈ ಆಟ ನಡೆಯುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ತೆರೆಯಲ್ಲಿರುವುದು ಮೀಟರ್‌ಗೇಜ್, ಹಳಿಗಳ ನಡುವೆ 1,000 ಮಿಲಿಮೀಟರ್. ಈಗಿರುವುದು 1,676ರ ಬ್ರಾಡ್‌ಗೇಜ್. ಹಳೆಯ ನಿಲ್ದಾಣದ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಅಂದ ಮೇಲೆ ಅಲ್ಲಿ ಹಳಿಗೆ ಬೆನ್ನು ಹಾಕಿ ಕಟ್ಟಡವನ್ನು ನೋಡುವುದೇ ಲೇಸು. ಇನ್ನೊಂದು ಎಡವಟ್ಟು: ತೆರೆಯಲ್ಲಿ ಮನೆಯಿಂದ ನಿಲ್ದಾಣ ನಾಲ್ಕು ಹೆಜ್ಜೆ, ನೆಲದ ಮೇಲೆ ಅರಸಾಳು ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಆಗುಂಬೆಯಿಂದ ತೀರ್ಥಹಳ್ಳಿ, ರಿಪ್ಪನ್‌ಪೇಟೆ ದಾಟಿ. ಎರಡನ್ನೂ ಊಟದೊಳಗೆ ಮುಗಿಸುತ್ತೇವೆ ಎನ್ನುವವರಿಗೆ ಒಂದನ್ನು ಬಿಡಿಸಿ.

ಮನೆಯೊಳಗಿನ ರೀತಿನೀತಿ ನಮ್ಮವರಿಗೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದರೆ ಅದು ಭ್ರಮೆ. ತೆರೆಯಲ್ಲಿ ನೋಡಿದ ಮನೆ ತಮ್ಮದೇ ಎಂಬ ಸಲುಗೆಯಲ್ಲಿ ಅಡುಗೆಮನೆವರೆಗೂ ನುಗ್ಗುವವರು ನಮ್ಮವರೇ. ಹೊರದೇಶದವರು ಅಂಗಳದಲ್ಲೇ ನಿಂತು ಅಪ್ಪಣೆ ಕಾಯುತ್ತಾರೆ. ಜಗಲಿವರೆಗೆ ಎಲ್ಲರೂ, ಒಳಗೆ ಮನೆಯವರು ಕರೆದರೆ ಮಾತ್ರ, ದೇವರ ಕೋಣೆಯ ಫೋಟೊ ಬೇಡ. ಇದನ್ನು ಗೇಟಿನ ಹೊರಗೇ ಹೇಳಿ. ಒಳಗೆ ಹೋದ ಮೇಲೆ ಹೇಳಿದರೆ ಗದರಿದಂತಾಗುತ್ತದೆ.

ದುಡ್ಡಿನ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇವೆ. "ನಿಮಗೆ ತೋಚಿದಷ್ಟು ಕೊಡಿ" ಎಂಬ ಮಲೆನಾಡಿನ ಸಂಕೋಚ ನಮ್ಮವರಿಗೆ ಅರ್ಥವಾಗುತ್ತದೆ. ಪಾಶ್ಚಾತ್ಯರಿಗೆ ಅದು ಪರೀಕ್ಷೆ: ಕಡಿಮೆ ಕೊಟ್ಟರೆ ಅವಮಾನವೋ, ಜಾಸ್ತಿ ಕೊಟ್ಟರೆ ದಾನವೋ ತಿಳಿಯದೆ ಒದ್ದಾಡುತ್ತಾರೆ. ನಡೆದು ತೋರಿಸುವುದಕ್ಕೆ ಇಷ್ಟು, ಊಟಕ್ಕೆ ಇಷ್ಟು ಎಂದು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಒಂದು ಹಲಗೆ ಬರೆದು ಅಂಗಳದಲ್ಲೇ ತೂಗುಹಾಕಿ.