ಜಾಮೀನು ಸಹಿ ಮತ್ತು ಗಲಾತ್ಯದ ಎರಡು ವಾಕ್ಯಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ಬಂದವರು ಬಾಗಲಕೋಟೆ ಜಿಲ್ಲೆಯ ಅನುದಾನಿತ ಶಾಲೆಯೊಂದರ ಗುಮಾಸ್ತರು. ವಯಸ್ಸು ನಲವತ್ತು ದಾಟಿದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯವರು, ಭಾನುವಾರದ ಆರಾಧನೆ ತಪ್ಪಿಸುವವರಲ್ಲ. ಹೆಂಡತಿಯೂ ಜೊತೆಗೆ ಬಂದಿದ್ದರು. ಅವರಿಗೆ ವಿಷಯ ಗೊತ್ತಾಗಿ ಎರಡೇ ದಿನವಾಗಿತ್ತು. ಹೇಳಿಕೊಂಡ ತೊಂದರೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಫೋನು ರಿಂಗಾದರೆ ಎದೆ ಧಸಕ್ಕೆನ್ನುವುದು. ಕಾರಣ ಕೇಳಿದಾಗ ಮೊದಲು ಕೆಲಸದ ಒತ್ತಡ ಎಂದರು. ಹೆಂಡತಿ ಸುಮ್ಮನೆ ಅವರ ಮುಖ ನೋಡಿದ ಮೇಲೆ ನಿಜ ಬಂತು.

ಬನಹಟ್ಟಿಯಲ್ಲಿರುವ ಕಾಕಾನ ಮಗ ಪವರ್‌ಲೂಮ್ ಹಾಕಲು ಒಂದು ಪತ್ತಿನ ಸಹಕಾರಿ ಸಂಘದಲ್ಲಿ 6 ಲಕ್ಷ ಸಾಲ ಕೇಳಿದ್ದ. ಬಡ್ಡಿ ಶೇ. 14, ಅವಧಿ ಐದು ವರ್ಷ. ಪಗಾರ ಇರುವ ಇಬ್ಬರು ಜಾಮೀನು ಬೇಕೆಂದು ಸಂಘ ಹೇಳಿತ್ತು. "ಅಣ್ಣಾ, ಬರೇ ಒಂದ್ ಸಹಿ ಅಷ್ಟ. ರೊಕ್ಕ ನಾ ಕಟ್ತೀನಿ, ನೀ ಯಾಕ ಚಿಂತಿ ಮಾಡ್ತಿ?" ಗುಮಾಸ್ತರು "ಪ್ರಾರ್ಥನೆ ಮಾಡಿ ಹೇಳ್ತೀನಿ" ಎಂದಿದ್ದರು. ನಮ್ಮ ಸಭೆಗಳಲ್ಲಿ ಈ ಮಾತನ್ನು ಇಲ್ಲ ಅನ್ನಲಾಗದವರು ಬಳಸುತ್ತಾರೆ, ಕೇಳಿದವರು ಹೂಂ ಎಂದೇ ತಿಳಿಯುತ್ತಾರೆ. ಇಲ್ಲೂ ಹಾಗೇ ಆಯಿತು. ಆಧಾರ್, ಪಾನ್, ಮೂರು ತಿಂಗಳ ವೇತನ ಚೀಟಿ, ಜೊತೆಗೆ ಸಹಿ ಮಾಡಿದ ಒಂದು ಖಾಲಿ ಚೆಕ್ಕು ತಮ್ಮನ ಕೈ ಸೇರಿದ್ದವು. ಜಾಮೀನು ಪತ್ರಕ್ಕೆ ಮಾತ್ರ ಸಹಿ ಬಿದ್ದಿರಲಿಲ್ಲ. ಅವರು ಬಂದದ್ದು ಗುರುವಾರ ಸಂಜೆ, ಸಂಘದ ಸಾಲ ಸಮಿತಿ ಸಭೆ ಸೋಮವಾರ.

ಪ್ರಾರ್ಥನೆ ಮಾಡಿದ್ದಂತೂ ಸುಳ್ಳಲ್ಲ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟಾಗ ಗಲಾತ್ಯ 6:2 ಬಂದಿತ್ತು: ಒಬ್ಬರು ಇನ್ನೊಬ್ಬರ ಭಾರ ಹೊತ್ತುಕೊಳ್ಳಿರಿ. ದೇವರೇ ಹೇಳಿದ ಮೇಲೆ ಹಿಂದೆ ಸರಿಯುವುದು ಹೇಗೆ ಎಂಬುದೇ ಅವರ ಸಂಕಟ. ತಮ್ಮನೂ ಒಂದು ವಾಕ್ಯ ಕಳಿಸಿದ್ದ, ಇಬ್ರಿಯ 7:22. ಯೇಸು ನಮಗಾಗಿ ಹೊಣೆಯಾದನಲ್ಲ, ನೀನು ತಮ್ಮನಿಗಾಗಿ ಆಗಲಾರೆಯಾ ಎಂದು ವಾಟ್ಸಾಪಿನಲ್ಲಿ.

ಬೆರಳಿಟ್ಟು ಆರಿಸಿದ ವಾಕ್ಯವನ್ನು ಜರೆಯುವುದರಿಂದ ಪ್ರಯೋಜನವಿಲ್ಲ. ಜರೆದರೆ ವ್ಯಕ್ತಿ ಅದನ್ನೇ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಅದೇ ಪುಟದಲ್ಲಿ ಇನ್ನು ಮೂರು ವಚನ ಮುಂದಕ್ಕೆ ಓದಲು ಹೇಳುವುದು ಮೇಲು. 6:5 ಹೇಳುತ್ತದೆ, ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕು. ಒಬ್ಬನೇ ಲೇಖಕ, ಒಂದೇ ಪತ್ರ, ಮೂರು ವಚನದ ಅಂತರ. ಗುಮಾಸ್ತರು ಎರಡು ಸಲ ಓದಿದರು. "ಇದು ಇಲ್ಲೇ ಇತ್ತೇನ್ರಿ?" ಎಂದರು ಅವರ ಹೆಂಡತಿ.

ಜಾಮೀನಿನ ಬಗ್ಗೆ ಬೈಬಲ್ ಸುಳಿವು ಕೊಟ್ಟು ಸುಮ್ಮನಾಗುವುದಿಲ್ಲ, ನೇರವಾಗಿಯೇ ಹೇಳುತ್ತದೆ. ಜ್ಞಾನೋಕ್ತಿಗಳಲ್ಲಿ 6:1-5, 11:15, 17:18, 20:16, 22:26-27 ಎಲ್ಲವೂ ಇದೇ ವಿಷಯದವು. 22:27ರಲ್ಲಿ ತೀರಿಸಲು ಏನೂ ಇಲ್ಲದವನ ಕೆಳಗಿನ ಹಾಸಿಗೆಯನ್ನೇ ಎಳೆದುಕೊಂಡು ಹೋಗುವ ಚಿತ್ರವಿದೆ. ಆದರೂ ಬೈಬಲ್ ಹೊಣೆಯನ್ನು ಪೂರಾ ನಿಷೇಧಿಸುತ್ತದೆ ಎನ್ನುವುದು ಸರಿಯಲ್ಲ. ತಮ್ಮ ಬೆನ್ಯಾಮೀನನಿಗೆ ಅಣ್ಣ ಯೆಹೂದ ಹೊಣೆ ನಿಂತ (ಆದಿಕಾಂಡ 43:9), ಸಂದರ್ಭ ಬಂದಾಗ ತಮ್ಮನ ಬದಲು ತಾನೇ ದಾಸನಾಗಲು ಮುಂದೆ ಬಂದ (44:33). ದಾಸ ಒನೇಸಿಮನ ಸಾಲದ ಬಗ್ಗೆ ಪೌಲನು ಅವನ ಯಜಮಾನ ಫಿಲೆಮೋನನಿಗೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ಕೊಟ್ಟು ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದ (ವಚನ 18-19). ಇಬ್ಬರೂ ಬರೇ ಒಂದು ಸಹಿ ಎಂದುಕೊಂಡವರಲ್ಲ. ಪೂರ್ತಿ ತಮ್ಮ ಮೇಲೆ ಬರುತ್ತದೆ, ಬಂದರೆ ಕೊಡುತ್ತೇವೆ ಎಂದು ಲೆಕ್ಕ ಹಾಕಿಯೇ ನಿಂತರು. ತಮ್ಮ ಕಳಿಸಿದ ಇಬ್ರಿಯ 7:22ರ ಹೊಣೆಯೂ ಕಡೆಗೆ ಪೂರಾ ತೆತ್ತ ಹೊಣೆಯೇ. ಆ ವಾಕ್ಯ ತಮ್ಮನ ವಾದಕ್ಕೆ ನೆರವಾಗುವುದಿಲ್ಲ.

ಹಾಗಾಗಿ ಗುಮಾಸ್ತರ ಮುಂದೆ ಇಟ್ಟ ಪ್ರಶ್ನೆ ಒಂದೇ: ತಮ್ಮ ಒಂದು ಕಂತೂ ಕಟ್ಟದಿದ್ದರೂ ಈ ಸಹಿ ಹಾಕುತ್ತೀರಾ?

ಲೂಕ 14:28ರಲ್ಲಿ ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸುತ್ತಾನೆ. ಇವರೂ ಕುಳಿತು ಎಣಿಸಿದರು. 6 ಲಕ್ಷಕ್ಕೆ ಶೇ. 14ರಂತೆ 60 ಕಂತಾದರೆ ತಿಂಗಳಿಗೆ ಸುಮಾರು 13,960 ರೂಪಾಯಿ, ಒಟ್ಟು ಸುಮಾರು 8.38 ಲಕ್ಷ. ಗುಮಾಸ್ತರ ಕೈಗೆ ಬರುವ ಪಗಾರ 40,000. ಮನೆ ಸಾಲದ ಕಂತು 11,500, ಮಕ್ಕಳ ಫೀ ಮತ್ತು ಬಸ್ಸು 7,000, ತಾಯಿಯ ಔಷಧ 2,500, ಮನೆ ಖರ್ಚು 13,000. ಉಳಿಯುವುದು 6,000. ಎರಡು ತಿಂಗಳ ಉಳಿತಾಯ ಸೇರಿಸಿದರೂ ಒಂದು ಕಂತು ಆಗುವುದಿಲ್ಲ. ಹೆಂಡತಿ ಈ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಕಾನೂನಿನ ಕಡೆಯನ್ನೂ ತಿಳಿಸಲಾಯಿತು, ಏಕೆಂದರೆ ಹೆಚ್ಚಿನವರು ಜಾಮೀನುದಾರ ಎಂದರೆ ಸಾಕ್ಷಿ ಎಂದುಕೊಂಡಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನಲು ಬರುವುದಿಲ್ಲ. ಸಂಬಳದವರನ್ನೇ ಸಂಘಗಳು ಯಾಕೆ ಕೇಳುತ್ತವೆ ಎಂಬುದೂ ಇದರಲ್ಲೇ ಇದೆ, ವಸೂಲಿಗೆ ಸಲೀಸು. ಡಿಕ್ರಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಸಂಬಳದ ಮೊದಲ 1,000 ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲಿಗೆ ರಕ್ಷಣೆ ಇದೆ, ಇನ್ನೊಂದು ಪಾಲು ಜಪ್ತಿಗೆ ಸಿಗುತ್ತದೆ. ಒಟ್ಟು ಸಂಬಳ 46,000 ಎಂದು ಹಿಡಿದರೆ ಅದು 15,000. ಕಂತು ತಪ್ಪಿದರೆ ಜಾಮೀನುದಾರನ ಕ್ರೆಡಿಟ್ ವರದಿಗೂ ಕಪ್ಪು ಬೀಳಬಹುದು, ಮುಂದೆ ಮಗಳ ಶಿಕ್ಷಣ ಸಾಲಕ್ಕೆ ಹೋದಾಗ ಅದು ಕಾಣುತ್ತದೆ.

ಆಗ ಗುಮಾಸ್ತರು ಎತ್ತಿದ ಪ್ರಶ್ನೆ ತೂಕದ್ದು. ಕೊಟ್ಟ ಮಾತು? ಕೀರ್ತನೆ 15:4 ನಷ್ಟವಾದರೂ ಪ್ರಮಾಣ ತಪ್ಪದವನನ್ನು ಹೊಗಳುತ್ತದಲ್ಲ? ಇದಕ್ಕೆ ಹಾರಿಕೆ ಉತ್ತರ ಕೊಟ್ಟರೆ ನಿದ್ದೆ ವಾಪಸು ಬರುವುದಿಲ್ಲ. ಜ್ಞಾನೋಕ್ತಿ 6:1-5 ಮಾತು ಕೊಟ್ಟು ಸಿಕ್ಕಿಬಿದ್ದವನಿಗೇ ಹೇಳಿದ್ದು. ನಿನ್ನ ಬಾಯಿಯ ಮಾತಿನಿಂದಲೇ ಸಿಕ್ಕಿಕೊಂಡಿದ್ದೀ, ಹೋಗು, ತಗ್ಗಿಸಿಕೋ, ನೆರೆಯವನನ್ನು ಬೇಡಿಕೋ, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆಯಂತೆ ತಪ್ಪಿಸಿಕೋ ಎನ್ನುತ್ತದೆ. ಮಾತು ಮುರಿದು ಫೋನು ಸ್ವಿಚ್ ಆಫ್ ಮಾಡಿ ಕೂರು ಎನ್ನುವುದಿಲ್ಲ. ಎದುರಿಗೆ ಹೋಗಿ ಬಿಡುಗಡೆ ಕೇಳು ಎನ್ನುತ್ತದೆ. ಅವಮಾನ ಅವನದೇ, ಅದನ್ನು ಅವನೇ ಹೊರಬೇಕು. ಅಲ್ಲದೆ ಇವರು ಕೊಡಹೊರಟದ್ದು ತಮ್ಮೊಬ್ಬರ ಸ್ವತ್ತಲ್ಲ, ಹೆಂಡತಿ ಮಕ್ಕಳ ಅನ್ನವೂ ಅದರಲ್ಲಿತ್ತು. 1 ತಿಮೊಥೆಯ 5:8 ಸ್ವಂತ ಮನೆಯವರನ್ನು ನೋಡಿಕೊಳ್ಳದವನ ಬಗ್ಗೆ ಕಟುವಾಗಿಯೇ ಮಾತಾಡುತ್ತದೆ.

ಕೊಟ್ಟ ಸಲಹೆ, ಮಾಡಬೇಕಾದ ಕ್ರಮದಲ್ಲಿಯೇ.

ಶುಕ್ರವಾರ ಬೆಳಿಗ್ಗೆ ಬನಹಟ್ಟಿಗೆ ಹೋಗಿ ತಮ್ಮನನ್ನು ಮುಖತಃ ಕಾಣುವುದು. ಫೋನಿನಲ್ಲಿ ಬೇಡ, ಕಾಕಾನ ಮುಂದೆಯೂ ಬೇಡ. ಮೊದಲು ಇಬ್ಬರೇ. ಹೇಳುವುದು ಒಂದೇ ಮಾತು: "ನಾ ಹೂಂ ಅಂದಂಗ ಮಾಡಿದ್ದು ತಪ್ಪಾತು. ಇಷ್ಟು ದೊಡ್ಡ ಸಾಲ ನನ್ನ ಮ್ಯಾಲೆ ಬಂದ್ರ ನನಗ ಕಟ್ಟಾಕ ಆಗಂಗಿಲ್ಲ. ನನ್ನ ಬಿಟ್ಬಿಡು." ಕಾರಣಗಳ ಪಟ್ಟಿ ಕೊಡಬಾರದು. ಪ್ರತಿ ಕಾರಣಕ್ಕೂ ಎದುರಿನವರ ಹತ್ತಿರ ಪರಿಹಾರ ಇರುತ್ತದೆ, ಮಾತು ಚೌಕಾಸಿಗೆ ಇಳಿಯುತ್ತದೆ. ಹೆಂಡತಿ ಬೇಡ ಅಂದಳು ಎಂದಂತೂ ಹೇಳಲೇಬಾರದು. ಅದು ಹೇಡಿತನ, ಅದರ ಪೆಟ್ಟು ಆಕೆ ವರ್ಷಗಟ್ಟಲೆ ತಿನ್ನಬೇಕಾಗುತ್ತದೆ.

ಅಂದೇ ಸಂಘದ ಕಾರ್ಯದರ್ಶಿಗೆ ಎರಡು ಪ್ರತಿ ಪತ್ರ. ಸಾಲ ಅರ್ಜಿದಾರನ ಹೆಸರು, ಅರ್ಜಿ ಸಂಖ್ಯೆ, ನಾನು ಜಾಮೀನು ನಿಲ್ಲಲು ಒಪ್ಪುವುದಿಲ್ಲ, ಯಾವ ಜಾಮೀನು ಪತ್ರಕ್ಕೂ ಸಹಿ ಮಾಡಿಲ್ಲ, ನನ್ನ ದಾಖಲೆಗಳನ್ನು ಹಿಂದಿರುಗಿಸಿ, ಇಷ್ಟೇ. ಒಂದು ಪ್ರತಿಯ ಮೇಲೆ ಸಿಕ್ಕಾ, ತಾರೀಖು ಹಾಕಿಸಿಕೊಳ್ಳಬೇಕು. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ಒಪ್ಪಿಗೆಯನ್ನು ಎದುರಿನವರು ಸ್ವೀಕರಿಸಿ ತಿಳಿಸುವ ಮೊದಲು ಹಿಂದಕ್ಕೆ ಪಡೆಯಲು ಕರಾರು ಕಾಯ್ದೆಯ 5ನೇ ಕಲಮಿನಲ್ಲಿ ಅವಕಾಶವಿದೆ. ಪತ್ರಕ್ಕೆ ಸಹಿ ಬಿದ್ದು, ಸಾಲದ ಹಣ ಬಟವಾಡೆಯಾದ ಮೇಲೆ ಹೀಗೆ ಹೊರಬರಲು ದಾರಿಯಿಲ್ಲ. ಸೋಮವಾರದ ಮೊದಲೇ ಎಂದು ಒತ್ತಾಯಿಸಿದ್ದು ಇದಕ್ಕೇ.

ಚೆಕ್ಕನ್ನು ಕೈಯಾರೆ ವಾಪಸು ಪಡೆಯಬೇಕು. ಸಿಗುವವರೆಗೆ ಬ್ಯಾಂಕಿಗೆ ಚೆಕ್ ಸಂಖ್ಯೆ ಬರೆದು ಪಾವತಿ ತಡೆಯಲು ಲಿಖಿತವಾಗಿ ತಿಳಿಸಬೇಕು.

ಇನ್ನು ನೆರವು. ಕೇಳಿದವನಿಗೆ ಕೊಡು (ಮತ್ತಾಯ 5:42) ಎಂಬ ಮಾತು ಜಾಮೀನು ಬೇಡ ಎಂದಾಕ್ಷಣ ರದ್ದಾಗುವುದಿಲ್ಲ. ಇದ್ದುದರಲ್ಲಿ ಕೊಡುವುದು, ಲೂಕ 6:35ರಂತೆ ತಿರುಗಿ ಬರುವ ನಿರೀಕ್ಷೆ ಇಲ್ಲದೆ ಕೊಡುವುದು. ಮನೆಯಲ್ಲಿ ಕೂಡಿಟ್ಟ 52,000 ಇತ್ತು. ಗಂಡ ಹೆಂಡತಿ ಇಬ್ಬರೂ ಒಪ್ಪಿ 30,000 ಎಂದು ಗೊತ್ತು ಮಾಡಿದರು. ಆದರೆ ಅದನ್ನು ಶುಕ್ರವಾರ ಕೊಡಬಾರದು. ಬೇಡ ಎಂದ ದಿನವೇ ಹಣ ಹಿಡಿದು ಹೋದರೆ ಬಾಯಿ ಮುಚ್ಚಿಸಲು ಬಂದಂತೆ ಕಾಣುತ್ತದೆ, "ಮೂವತ್ತ ಕೊಡಾಂವ ಎಂಬತ್ತ ಯಾಕ ಕೊಡಂಗಿಲ್ಲ" ಎಂಬ ಲೆಕ್ಕವೂ ಶುರುವಾಗುತ್ತದೆ. ಎರಡು ಮೂರು ವಾರ ಬಿಟ್ಟು, ಖಾತೆಗೆ ಹಾಕಿ, ಇದು ಸಾಲವಲ್ಲ ಎಂದು ಒಮ್ಮೆ ಹೇಳಿ ಮುಗಿಸುವುದು.

ಹಣಕ್ಕಿಂತ ಗುಮಾಸ್ತರ ಹತ್ತಿರ ಹೆಚ್ಚು ಇದ್ದದ್ದು ಕಾಗದಪತ್ರದ ತಿಳಿವಳಿಕೆ. ಮುದ್ರಾ ಯೋಜನೆಯ ಕಿಶೋರ ವಿಭಾಗದಲ್ಲಿ 50,000ದಿಂದ 5 ಲಕ್ಷದವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶವಿದೆ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಯಂತ್ರದ ಕೊಟೇಶನ್, ಶೆಡ್ಡಿನ ಬಾಡಿಗೆ ಪತ್ರ ಅಥವಾ ತೆರಿಗೆ ರಸೀದಿ, ಆರು ತಿಂಗಳ ಬ್ಯಾಂಕ್ ವಹಿವಾಟು, ನೂಲು ಕೊಡುವವರ ಮತ್ತು ಬಟ್ಟೆ ಒಯ್ಯುವವರ ಬಿಲ್ಲು, ಇವನ್ನು ಜೋಡಿಸಿ ಒಂದು ಶನಿವಾರ ತಮ್ಮನ ಜೊತೆ ಬ್ಯಾಂಕಿಗೆ ಹೋಗಲು ಹೇಳಲಾಯಿತು. ಮಗ್ಗಗಳ ಸಂಖ್ಯೆ ಇಳಿಸಿ ಸಾಲವನ್ನು 4 ಲಕ್ಷದೊಳಗೆ ತರುವ ಮಾತನ್ನೂ ಅಲ್ಲೇ ಎತ್ತುವುದು.

ಎರಡನೇ ಭೇಟಿಯಲ್ಲಿ ತಿಳಿದದ್ದು: ಪತ್ರ ತಲುಪಿತ್ತು, ಸಿಕ್ಕಾ ಬಿದ್ದಿತ್ತು, ಚೆಕ್ಕು ಮೂರನೇ ದಿನ ಕೈಗೆ ಬಂದಿತ್ತು. ತಮ್ಮ ಸಿಟ್ಟಾಗಿದ್ದ. ಕಾಕಾ ಫೋನು ಮಾಡಿ "ನಿಮ್ಮಪ್ಪ ಇದ್ದಿದ್ರ ಹಿಂಗ ಮಾಡ್ತಿದ್ದಿಲ್ಲ" ಎಂದಿದ್ದರು. ಈ ಒಂದು ಮಾತು ಗುಮಾಸ್ತರನ್ನು ಸಾಲದ ಲೆಕ್ಕಕ್ಕಿಂತ ಹೆಚ್ಚು ಕುಗ್ಗಿಸಿತ್ತು. ಇಂಥ ಹೊತ್ತಿನಲ್ಲಿ ಸಮರ್ಥನೆಗೆ ಇಳಿದವರು ಸಾಮಾನ್ಯವಾಗಿ ಮೂರನೇ ಫೋನಿಗೆ ಸೋತು ಸಹಿ ಹಾಕಿಬಿಡುತ್ತಾರೆ. ಅದಕ್ಕೆ ಹೇಳಿದ್ದು, ಕಾಕಾನ ಮಾತಿಗೆ "ಹೌದ್ರಿ ಕಾಕಾ, ನಿಮಗ ಬ್ಯಾಸರ ಆಗೇತಿ" ಎಂದು ನಿಲ್ಲಿಸಬೇಕು. ಮದುವೆ, ನಾಮಕರಣ, ಕ್ರಿಸ್ಮಸ್ ಊಟ ಯಾವುದನ್ನೂ ತಪ್ಪಿಸಬಾರದು, ಮುನಿಸು ಅವರದಾಗಿರಲಿ, ದೂರ ಸರಿಯುವುದು ನಮ್ಮದಾಗಬಾರದು. ನಿದ್ದೆ ಮೊದಲ ವಾರದಲ್ಲೇ ಸುಧಾರಿಸಿತ್ತು. ಮೂರು ವಾರದ ನಂತರವೂ ಬಾರದಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬೇಕೆಂದು ಮೊದಲ ದಿನವೇ ಹೇಳಲಾಗಿತ್ತು, ಆ ಅಗತ್ಯ ಬರಲಿಲ್ಲ.

ಈಗಾಗಲೇ ಸಹಿ ಹಾಕಿದವರಿಗೆ ಸಲಹೆ ಬೇರೆ. ಜಾಮೀನು ಪತ್ರದ ನಕಲು ಪಡೆದು ಇಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಸಾಲದ ಖಾತೆಯ ಉತಾರ ಕೇಳಿ, ಕಂತು ತಪ್ಪಿದ್ದು ನೋಟಿಸು ಬಂದಾಗ ತಿಳಿಯುವಂತಾಗಬಾರದು. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ, ತೆಗೆದು ನೋಡಿ. ನಿಮ್ಮನ್ನು ಕೇಳದೆ ಸಂಘವು ಸಾಲಗಾರನ ಜೊತೆ ಷರತ್ತು ಬದಲಿಸಿದ್ದರೆ ವಕೀಲರಿಗೆ ತೋರಿಸಿ, ಕರಾರು ಕಾಯ್ದೆಯ 133ನೇ ಕಲಮು ನಿಮ್ಮ ನೆರವಿಗೆ ಬರಬಹುದು. ನೀವೇ ಕಟ್ಟಬೇಕಾಗಿ ಬಂದರೆ ನಗದು ಬೇಡ. ರಸೀದಿಯಲ್ಲಿ ಜಾಮೀನುದಾರರಿಂದ ಬಂದದ್ದು ಎಂದು ಬರೆಸಿ. ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು 145ನೇ ಕಲಮಿನಲ್ಲಿದೆ, ಜೊತೆ ಜಾಮೀನುದಾರನೂ ಸಮಪಾಲು ಹೊರಬೇಕೆಂದು 146 ಹೇಳುತ್ತದೆ.

ಸಹೋದರನ ಮೇಲೆ ನ್ಯಾಯಾಲಯಕ್ಕೆ ಹೋಗುವುದನ್ನು 1 ಕೊರಿಂಥ 6 ಖಂಡಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಮೊದಲು ಸಭೆಯ ಹಿರಿಯರ ಮುಂದೆ ಕೂತು, ಎಷ್ಟು, ಯಾವಾಗ ಕೊಡುವುದು ಎಂದು ಬರಹದಲ್ಲಿ ಒಪ್ಪಿಸಿಕೊಳ್ಳುವುದು ಆ ಅಧ್ಯಾಯಕ್ಕೆ ತಕ್ಕ ನಡೆ. ನಷ್ಟ ಸಹಿಸಿ ಬಿಟ್ಟುಬಿಡುತ್ತೇನೆ ಎನ್ನುವವರೂ ಅದೇ ಅಧ್ಯಾಯದ 7ನೇ ವಚನದ ಮೇಲೆ ನಿಲ್ಲಬಹುದು, ಆದರೆ ಮನೆಯವರನ್ನು ಕೇಳಿ. ಇನ್ನೂ ತೀರ್ಮಾನಿಸದವರು ಒಂದು ತಾರೀಖು ಬರೆದಿಟ್ಟುಕೊಳ್ಳಬೇಕು: ವಸೂಲಿ ದಾವೆ ಹೂಡಲು ಕಾನೂನು ಕೊಡುವ ಅವಧಿ ಹಣ ಕಟ್ಟಿದ ದಿನದಿಂದ ಮೂರು ವರ್ಷ, ಹಿರಿಯರ ಸಭೆ ಎಷ್ಟು ಸಲ ಮುಂದಕ್ಕೆ ಹೋದರೂ ಅದು ನಿಲ್ಲುವುದಿಲ್ಲ.